ಸವುಳು ನೀರಿನಲ್ಲಿ ತೊಳೆದ ಕಾರು

ಓದುಗರೆಲ್ಲರಿಗೂ ನನ್ನ ನಮಸ್ಕಾರಗಳು. ನಾನು ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಒತ್ತುವವನು. ಐದನೇ ತರಗತಿಗೆ ಶಾಲೆ ಬಿಟ್ಟು, ಮೀಸೆ ನೆರೆಯಲು ಶುರುವಾದ ಮೇಲೆ ಮತ್ತೆ ಪುಸ್ತಕ ಹಿಡಿದೆ. ಒತ್ತಕ್ಷರ ತಪ್ಪಿದ್ದರೆ, ಮಾತು ಹಿಂದೆಮುಂದೆ ಆಗಿದ್ದರೆ ಹೊಟ್ಟೆಗೆ ಹಾಕಿಕೊಂಡು ಓದಬೇಕು. ಇದು ಕಾರಿನ ಬ್ರೇಕಿನ ವಿಷಯ. ಇದರಲ್ಲಿ ನೀರಿನ ತಪ್ಪು ಸ್ವಲ್ಪ, ನನ್ನ ತಪ್ಪು ಬಹಳ. ಅದನ್ನು ಮುಚ್ಚಿಟ್ಟು ಬರೆದರೆ ಬರೆದೂ ಉಪಯೋಗವಿಲ್ಲ.

ಗದಗ ಆಗ ಧಾರವಾಡದಿಂದ ಬೇರೆಯಾಗಿ ಹೊಸ ಜಿಲ್ಲೆಯಾಗಿತ್ತು. ಕಚೇರಿಗಳು ಒಂದೊಂದಾಗಿ ಬರುತ್ತಿದ್ದವು, ಬಾಡಿಗೆ ಗಾಡಿಗಳಿಗೆ ಕೆಲಸ ಸಿಗುತ್ತಿತ್ತು. ಗದಗಿಗೆ ಅಂಟಿಕೊಂಡಿರುವ ಬೆಟಗೇರಿಯಲ್ಲಿ ನಮ್ಮ ಮನೆ. ನನ್ನ ಹತ್ತಿರ ಒಂದು ಹಳೆಯ ಬಿಳಿ ಕಾರಿತ್ತು, ಸ್ಟೇರಿಂಗಿನ ಪಕ್ಕದಲ್ಲೇ ಗೇರು ಇರುವಂಥದ್ದು. ಶಿರಹಟ್ಟಿಯ ಆಚೆ ಒಂದು ಹಳ್ಳಿ ಶಾಲೆಗೆ ನಮ್ಮ ಓಣಿಯ ಸುತ್ತಮುತ್ತಲಿನ ನಾಲ್ಕು ಜನ ಶಿಕ್ಷಕಿಯರು ದಿನಾ ಹೋಗಿ ಬರುತ್ತಿದ್ದರು. ಅಲ್ಲಿಗೆ ಹೋಗುವ ಬಸ್ಸು ಪ್ರಾರ್ಥನೆ ಮುಗಿದ ಮೇಲೆ ಮುಟ್ಟುತ್ತಿತ್ತು. ಅದಕ್ಕೆ ನಾಲ್ವರೂ ಕೂಡಿ ನನ್ನ ಕಾರು ಗೊತ್ತು ಮಾಡಿಕೊಂಡಿದ್ದರು. ಅದರ ಮೇಲೆಯೇ ನಮ್ಮ ಮನೆ ನಡೆಯುತ್ತಿತ್ತು.

ಅವರಲ್ಲಿ ಹಿರಿಯರನ್ನು ನಾವೆಲ್ಲ ದೊಡ್ಡ ಅಕ್ಕೋರು ಎನ್ನುತ್ತಿದ್ದೆವು. ಸಂಜೆಯವರೆಗೂ ನಾನು ಶಾಲೆಯ ಬೇವಿನ ಮರದ ಕೆಳಗೆ ಕಾರಿನಲ್ಲಿ ಮಲಗಿರುವುದನ್ನು ನೋಡಿ ಒಂದು ದಿನ ಬಾಗಿಲು ಬಡಿದರು.

"ಏಳೋ ತಮ್ಮಾ. ನಿನ್ನ ಗೊರಕಿ ಮೂರನೇ ಇಯತ್ತೆ ಹುಡುಗರಿಗೆ ಕೇಳಾಕತ್ತೈತಿ. ಬಾ, ಒಳಗ ಬಂದು ಕುಂಡ್ರು. ನಾಕ ಅಕ್ಷರ ಬರಿ."

ಹೀಗೆ ನಾನು ಮತ್ತೆ ವಿದ್ಯಾರ್ಥಿಯಾದೆ. ಅವರು ಯಾವಾಗಲೂ ಮುಂದಿನ ಸೀಟಿನಲ್ಲಿ ಕೂರುತ್ತಿದ್ದರು. ನನ್ನ ಮೇಲೆ ಅಷ್ಟು ನಂಬಿಕೆ ಇತ್ತು.

ನಮ್ಮ ಊರಿನ ನೀರಿನ ಕಥೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ನಳದ ನೀರು ಬಂದ ದಿನವೇ ಹಬ್ಬ. ಆ ಸೀ ನೀರು ಕುಡಿಯಲು, ಬೇಳೆ ಬೇಯಿಸಲು ಮಾತ್ರ. ಉಳಿದದ್ದಕ್ಕೆಲ್ಲ ಓಣಿಯ ಬೋರಿನ ಸವುಳು ನೀರು. ಅದು ಬಾಯಿಗೆ ಹಾಕಿದರೆ ಉಪ್ಪು, ಕೊಡದ ತಳದಲ್ಲಿ ಬಿಳಿ ಪದರ. ಕಾರು ತೊಳೆಯುವುದೂ ಅದರಲ್ಲೇ. ಒಣಗಿದ ಮೇಲೆ ಮೈಮೇಲೆ ಬಿಳಿ ಕಲೆ ಏಳುತ್ತಿತ್ತು. ಸೀಮೆಎಣ್ಣೆ ಅರಿವೆಯಿಂದ ತಿಕ್ಕಿ ತೆಗೆಯುತ್ತಿದ್ದೆ. ಮೇಲೆ ಹೊಳೆದರೆ ಸಾಕು ಎಂದುಕೊಂಡಿದ್ದೆ.

ಆ ವರ್ಷ ಮಾಗಿಯ ಚಳಿ ಜೋರಾಗಿತ್ತು. ಮುಂಜಾನೆ ನೀರು ಮುಟ್ಟಲಾಗುತ್ತಿರಲಿಲ್ಲ. ಅದಕ್ಕೆ ಸಂಜೆ ಬಂದ ಕೂಡಲೇ ತೊಳೆಯುತ್ತಿದ್ದೆ. ನಮ್ಮ ಓಣಿ ಇಳಿಜಾರು, ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆದು ನಿಲ್ಲಿಸುತ್ತಿದ್ದೆ. ಮುಂಜಾನೆ ಹೊರಡಬೇಕೆಂದರೆ ಹಿಂದಿನ ಗಾಲಿಗಳು ತಿರುಗುತ್ತಲೇ ಇರಲಿಲ್ಲ. ಇಂಜಿನ್ ಗುರುಗುಟ್ಟುತ್ತಿತ್ತು, ಕಾರು ಕೂತಲ್ಲೇ ಕೂತಿರುತ್ತಿತ್ತು. ಹಿಂದೆಮುಂದೆ ಜಗ್ಗಿದರೆ ಖಟ್ ಎಂದು ಬಿಡುತ್ತಿತ್ತು.

"ಏನೋ, ನಿನ್ನ ಗಾಡಿಗೂ ಥಂಡಿ ಹತ್ತೇತೇನು?" ಎಂದು ದೊಡ್ಡ ಅಕ್ಕೋರು ಶಾಲು ಸುತ್ತಿಕೊಂಡು ನಗುತ್ತಿದ್ದರು. "ರಾತ್ರಿ ಅದಕ್ಕೊಂದು ಕಂಬಳಿ ಹೊಚ್ಚು."

ನಾನು ಥಂಡಿಯೇ ಎಂದು ನಂಬಿದೆ. ಬಚ್ಚಲ ಹಂಡೆಯಿಂದ ಬಿಸಿನೀರು ತಂದು ಗಾಲಿಯ ಬ್ರೇಕ್ ಡ್ರಮ್ಮಿನ ಮೇಲೆ ಸುರಿಯತೊಡಗಿದೆ. ಹಂಡೆಯಲ್ಲಿದ್ದದ್ದೂ ಅದೇ ಸವುಳು ನೀರು.

ಕೆಲವು ದಿನಕ್ಕೆ ಬ್ರೇಕ್ ಒತ್ತಿದರೆ ಕಾರು ಒಂದೇ ಕಡೆ ಎಳೆಯಲು ಶುರುವಾಯಿತು. ನನ್ನ ಮಿಸ್ತ್ರಿಯ ಹತ್ತಿರ ಹೋದೆ. ಬೆಟಗೇರಿಯಲ್ಲೇ ತಗಡಿನ ಶೆಡ್ಡು ಹಾಕಿಕೊಂಡಿದ್ದ ಹಿರಿಯರು, ಎಲ್ಲರಿಗೂ ಚಾಚಾ. ಡ್ರಮ್ ಬಿಚ್ಚಿದರು. ಒಳಗಿಂದ ಕೆಂಪು ತುಕ್ಕು ಹಿಟ್ಟಿನಂತೆ ಉದುರಿತು. ಚಾಚಾ ಅದನ್ನು ಅಂಗೈಯಲ್ಲಿ ಹಿಡಿದು ನನ್ನ ಮುಖ ನೋಡಿದರು.

"ಗೋವಾಕ್ಕ ಬಾಡಗಿ ಹೋಗಿದ್ದೇನ್ಲೇ?"

"ಇಲ್ರಿ ಚಾಚಾ. ಶಿರಹಟ್ಟಿ ಬಿಟ್ರ ಮುಂಡರಗಿಗೆ ಒಮ್ಮೆ ಹೋಗಿದ್ದೆ, ಅಷ್ಟ."

"ಮುಂಡರಗಿಗೆ ಸಮುದ್ರ ಯಾವಾಗ ಬಂತಪಾ? ನನಗ ಖಬರ ಇಲ್ಲಲ್ಲ!"

ಎಲ್ಲ ತಿಕ್ಕಿ ಒರೆಸಿದರು, ರಬ್ಬರು ಬದಲಿಸಿದರು. ಕಳಿಸುವಾಗ, "ಗಾಡಿ ಸ್ವಚ್ಛ ಇಡ್ಲೇ, ಧೂಳ ಕೂತ್ರ ಬ್ರೇಕಿನ ಶೂ ತಿಂದು ಹಾಕ್ತೈತಿ" ಎಂದರು. ಹ್ಯಾಂಡ್‌ಬ್ರೇಕ್ ಅಂಟುತ್ತದೆ ಎಂದಾಗ, "ಸದ್ಯ ಎಳೀಬ್ಯಾಡ, ಗಾಲಿಗೆ ಕಲ್ಲ ಹಚ್ಚು" ಎಂದರು.

ನಾನು ಹೇಳಿದ್ದನ್ನು ತಪ್ಪದೆ ಮಾಡುವ ಮನುಷ್ಯ. ಅಂದಿನಿಂದ ಪೈಪು ಹಿಡಿದು ಗಾಲಿಯ ಒಳಗೆ, ಕಾರಿನ ಕೆಳಗೆಲ್ಲ ನೀರು ಹೊಡೆಯತೊಡಗಿದೆ. ದಿನಕ್ಕೆ ಎರಡು ಕೊಡದಷ್ಟಿದ್ದ ನೀರು ಐದು ಕೊಡದಷ್ಟಾಯಿತು. ಹದಿನೈದು ದಿನಕ್ಕೆ ಮತ್ತೆ ಅದೇ ರೋಗ. ಮತ್ತೆ ಚಾಚಾ, ಮತ್ತೆ ತುಕ್ಕು. ಚಾಚಾ ಸಾಮಾನು ಸರಿ ಇಲ್ಲ ಎಂದು ಅಂಗಡಿಯವನನ್ನು ಬೈದರು. ನನ್ನ ಹೆಂಡತಿ ಯಾರದೋ ಕಣ್ಣು ಬಿದ್ದಿದೆ ಎಂದು ನಿಂಬೆಹಣ್ಣು ಕಟ್ಟಿದಳು. ನಾನು ಇನ್ನೂ ಜಾಸ್ತಿ ತೊಳೆದೆ. ಊಟಕ್ಕೆ ಕೂತರೂ ಬಲಗಾಲು ತನ್ನಷ್ಟಕ್ಕೆ ನೆಲವನ್ನು ಒತ್ತಿ ನೋಡುತ್ತಿತ್ತು. ಎರಡು ದಿನ ಗಾಡಿ ನಿಂತರೆ ಅಕ್ಕೋರುಗಳು ಬೇರೆ ಗಾಡಿ ಹಿಡಿಯುತ್ತಾರೆ ಎಂಬ ಹೆದರಿಕೆ ಒಂದು ಕಡೆ, ನಾಲ್ಕು ಜನರ ಜೀವ ಇನ್ನೊಂದು ಕಡೆ.

ಆಮೇಲೆ ಬ್ರೇಕ್ ಆಯಿಲ್ ಇಳಿಯಲು ಶುರುವಾಯಿತು. ಮುಂಜಾನೆ ಡಬ್ಬಿ ತುಂಬಿಸಿದರೆ ಸಂಜೆಗೆ ಕೆಳಗೆ. ಪೆಡಲು ಒಮ್ಮೆ ಒತ್ತಿದರೆ ಮೆತ್ತಗೆ ಹೋಗುತ್ತಿತ್ತು, ಎರಡನೇ ಸಲ ಒತ್ತಿದರೆ ಹಿಡಿಯುತ್ತಿತ್ತು. ಚಾಚಾ ಮಗಳ ಮದುವೆಗೆ ಲಕ್ಷ್ಮೇಶ್ವರಕ್ಕೆ ಹೋಗಿದ್ದರು. ಬೇರೆಯವರ ಕೈಗೆ ಕೊಡಲು ಮನಸ್ಸಾಗಲಿಲ್ಲ. ಅವರು ಬರುವವರೆಗೆ ಹೇಗಾದರೂ ನಡೆಸೋಣ ಎಂದು ದಿನಾ ಆಯಿಲ್ ಸುರಿದೆ, ದಿನಾ ಎರಡೆರಡು ಸಲ ಪೆಡಲು ಒತ್ತಿದೆ. ಮೂರು ದಿನ ಹೀಗೆ ಮಾಡಿದೆ. ಯಾರಿಗೂ ಹೇಳಲಿಲ್ಲ.

"ಯಾಕೋ ತಮ್ಮಾ, ಇತ್ತಿತ್ತಲಾಗ ಕಾಲು ಕುಣಸಾಕತ್ತಿ?" ಎಂದು ದೊಡ್ಡ ಅಕ್ಕೋರು ಕೇಳಿದ್ದರು.

"ಥಂಡಿರೀ ಅಕ್ಕೋರ, ಕಾಲು ಸೆಟದಾವು" ಎಂದಿದ್ದೆ.

ನಾಲ್ಕನೇ ದಿನ ಮುಂಜಾನೆ ಹೊಲದ ಮೇಲೆಲ್ಲ ಮಂಜು ಕೂತಿತ್ತು. ಶಿರಹಟ್ಟಿಗೆ ಇನ್ನೂ ಸ್ವಲ್ಪ ದೂರವಿರುವಾಗ ರಸ್ತೆ ಒಂದು ಹಳ್ಳಕ್ಕೆ ಇಳಿಯುತ್ತದೆ. ಇಳಿಜಾರಿನ ನಡುವೆ ಕಣ್ಣಿಗೆ ಬಿತ್ತು, ಸೇತುವೆಯ ಮೇಲೆ ಕುರಿ ಹಿಂಡು. ಬ್ರೇಕ್ ಒತ್ತಿದೆ. ಪೆಡಲು ನೆಲಕ್ಕೆ ಹೋಯಿತು. ಮತ್ತೆ ಒತ್ತಿದೆ, ಮತ್ತೆ ನೆಲ. ಖಾಲಿ ಚೀಲ ತುಳಿದಂತೆ. ಹ್ಯಾಂಡ್‌ಬ್ರೇಕ್ ಎಳೆದೆ. ಬಳಸದೆ ಬಿಟ್ಟು ಅದರ ಕೇಬಲ್ಲೂ ತುಕ್ಕು ಹಿಡಿದು ಕೂತಿತ್ತು. ಹಿಡಿ ಕೈಗೆ ಬಂತು, ಗಾಲಿ ಕೇಳಲಿಲ್ಲ. ಗೇರು ಎರಡಕ್ಕೆ ಹಾಕಿದೆ, ಇಂಜಿನ್ ಕಿರುಚಿತು. ಹಿಂದಿನ ಸೀಟಿನವರೂ ಕಿರುಚಿದರು. ಕುರಿಗಾರ ಎರಡೂ ಕೈ ಎತ್ತಿ ನಿಂತಿದ್ದ. ನಾನು ಸ್ಟೇರಿಂಗ್ ಎಡಕ್ಕೆ ತಿರುವಿ ಕಾರನ್ನು ರಸ್ತೆಯಿಂದ ಕೆಳಗೆ ಬಿಟ್ಟೆ. ಬದುವಿಗೆ ಬಡಿದು ಒಮ್ಮೆ ಹಾರಿ, ಕಡಲೆ ಹೊಲದ ಎರೆಮಣ್ಣಿನಲ್ಲಿ ಹೂತು ನಿಂತಿತು.

ಹಿಂದಿನ ಸೀಟಿನಲ್ಲಿ ಒಬ್ಬರು ಅಳತೊಡಗಿದರು. ದೊಡ್ಡ ಅಕ್ಕೋರು ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂತಿದ್ದರು. ಅದು ಆಗಲೇ ಬಾತಿತ್ತು.

ಕುರಿಗಾರ ಓಡಿಬಂದ. "ಏನ್ ಡ್ರೈವರೋ ಏನ್ ದನಾ ಕಾಯಾವನೋ ನೀನು? ನನ್ನ ಕುರಿ ಸಾಯ್ಲಿ, ಈ ಹೆಣಮಕ್ಕಳ ಗತಿ ಏನಾಗ್ತಿತ್ತು?" ಎಂದ. ಬೈಯುತ್ತಲೇ ತನ್ನ ರುಮಾಲು ಬಿಚ್ಚಿ ಅಕ್ಕೋರ ಕೈಗೆ ಜೋಳಿಗೆ ಕಟ್ಟಿಕೊಟ್ಟ.

ಅಕ್ಕೋರು ನನ್ನನ್ನು ನೋಡಿ ಒಂದೇ ಮಾತು ಕೇಳಿದರು. "ನಿನಗ ಮೊದಲ ಗೊತ್ತಿತ್ತೇನು?"

"ಇಲ್ರಿ ಅಕ್ಕೋರ. ಒಮ್ಮಿಂದೊಮ್ಮೆ ಹೋತು."

ಆ ಮಾತು ಬಾಯಿಂದ ಅಷ್ಟು ಸಲೀಸಾಗಿ ಹೇಗೆ ಬಂತೋ ನನಗೆ ಇಂದಿಗೂ ತಿಳಿಯದು.

ಗದಗಿನ ಆಸ್ಪತ್ರೆಯಲ್ಲಿ ಅವರ ಕೈಗೆ ಪ್ಲಾಸ್ಟರ್ ಹಾಕಿದರು. ಮದುವೆ ಮುಗಿಸಿ ಬಂದ ಚಾಚಾ ಕಾರಿನ ಕೆಳಗೆ ಮಲಗಿ ನೋಡಿದರು. ಆಯಿಲ್ ಹೋಗುವ ಸಣ್ಣ ಕೊಳವೆ ತುಕ್ಕು ತಿಂದು ಜರಡಿಯಾಗಿತ್ತು. ಹೊಸ ಕೊಳವೆ ಹಾಕಿದರು. ಹ್ಯಾಂಡ್‌ಬ್ರೇಕಿನ ಹೊಸ ಕೇಬಲ್ ಸಿಕ್ಕಿರಲಿಲ್ಲ, ಎರಡು ದಿನ ಬಿಟ್ಟು ಅದನ್ನು ತೆಗೆದುಕೊಂಡು ತಾವೇ ನಮ್ಮ ಮನೆಗೆ ಬಂದರು. ಮೊದಲನೇ ಸಲ. ನಾನು ಬೀದಿಯಲ್ಲಿ ಪೈಪು ಹಿಡಿದು ಗಾಲಿ ತೊಳೆಯುತ್ತಿದ್ದೆ.

"ಏನ್ ಮಾಡಾಕತ್ತೀಲೇ?"

"ನೀವ ಹೇಳಿದ್ರೆಲ್ಲಾ ಚಾಚಾ, ಸ್ವಚ್ಛ ಇಡು ಅಂತ."

ಅವರು ಒದ್ದೆಯಾಗಿದ್ದ ಗಾಲಿಗೆ ಬೆರಳು ಹಚ್ಚಿ ನಾಲಿಗೆಗೆ ಇಟ್ಟುಕೊಂಡರು. ಥೂ ಎಂದು ಉಗುಳಿದರು. ಪೈಪಿನ ನೀರು ಬೊಗಸೆಯಲ್ಲಿ ಹಿಡಿದು ಬಾಯಿಗೆ ಹಾಕಿ ಮತ್ತೆ ಉಗುಳಿದರು.

"ಹುಚ್ಚಪ್ಯಾಲಿ! ಗಾಡಿ ತೊಳಿಯಾಕತ್ತೀಯೋ, ಉಪ್ಪಿನಕಾಯಿ ಹಾಕಾಕತ್ತೀಯೋ?"

ನಾನು ಪೈಪು ಕೆಳಗಿಟ್ಟೆ. ಎರಡು ತಿಂಗಳಿಂದ ಪ್ರತಿ ಸಂಜೆ ನನ್ನ ಕೈಯಾರೆ ನಾನೇ ಬ್ರೇಕಿಗೆ ಉಪ್ಪು ಕುಡಿಸಿದ್ದೆ. ಆ ಮೂರು ದಿನದ ವಿಷಯವನ್ನೂ ಅವರಿಗೆ ಹೇಳಿಬಿಟ್ಟೆ. ಚಾಚಾ ಕಟ್ಟೆಯ ಮೇಲೆ ಕೂತುಬಿಟ್ಟರು.

"ನೀರಿನ ಮಾತ ಬಿಡು, ಅದು ನನಗೂ ಹೊಳೀಲಿಲ್ಲ. ಆದ್ರ ಲಕ್ಷ್ಮೇಶ್ವರ ಎಷ್ಟ ದೂರ ಐತ್ಲೇ? ಒಂದ ಖಬರ ಕಳಿಸಿದ್ರ ಲಗ್ನದ ಊಟ ಬಿಟ್ಟು ಬರ್ತಿದ್ದೆ. ಇಲ್ಲಂದ್ರ ಗಾಡಿ ನಿಂದ್ರಸಬೇಕಿತ್ತು. ನಿಂತ ಗಾಡಿಗೆ ಬ್ರೇಕ್ ಬೇಕಾಗೂದಿಲ್ಲ."

ಮರುದಿನ ಅಕ್ಕೋರ ಮನೆಗೆ ಹೋದೆ. ಜಗಲಿಯ ಮೇಲೆ ಕೂತು ಎಡಗೈಯಿಂದ ಸೊಪ್ಪು ಸೋಸುತ್ತಿದ್ದರು. ಬಾಗಿಲಲ್ಲಿ ನಿಂತೇ ಹೇಳಿದೆ, ನನಗೆ ಮೊದಲೇ ಗೊತ್ತಿತ್ತು, ಮೂರು ದಿನದಿಂದ ಗೊತ್ತಿತ್ತು ಎಂದು. ಅವರು ತಲೆ ಎತ್ತಲಿಲ್ಲ.

"ನನಗ ಅವತ್ತ ಗೊತ್ತಾಗಿತ್ತು. ನೀ ಬಂದು ಹೇಳ್ತೀಯೋ ಇಲ್ಲೋ ಅಂತ ನೋಡಾಕತ್ತಿದ್ದೆ."

"ಈಗ ಎಲ್ಲಾ ಹೊಸಾದು ಹಾಕ್ಸೀನ್ರಿ ಅಕ್ಕೋರ. ಚಾಚಾ ಸ್ವತಃ ಕೂತು ನೋಡ್ಯಾರ. ಬೇಕಂದ್ರ ನೀವ ಒಂದ ಸಲ ಕೂತು ನೋಡ್ರಿ. ನನ್ನ ಕೈ ಬಿಡಬ್ಯಾಡ್ರಿ."

"ಗಾಡಿ ಛಲೋ ಆಗೇತಿ ಅಂತ ನಂಬ್ತೀನೋ ತಮ್ಮಾ. ನಾಳೆ ಮತ್ತೇನರ ಕೆಟ್ರ ನೀ ಹೇಳ್ತಿ ಅಂತ ಹೆಂಗ ನಂಬ್ಲಿ?"

ಸೊಪ್ಪು ಪಕ್ಕಕ್ಕೆ ಸರಿಸಿ, ಚಹಾ ಕುಡಿದು ಹೋಗು ಎಂದರು. ಕುಡಿದು ಬಂದೆ.

ಉಳಿದ ಮೂವರು ಬೇರೆ ಗಾಡಿ ಮಾಡಿಕೊಂಡರು. ದೊಡ್ಡ ಅಕ್ಕೋರು ರಜೆ ಮುಗಿದ ಮೇಲೆ ಬಸ್ಸಿಗೇ ಹೋದರು, ತಡವಾದರೂ. ನಾನು ಎಷ್ಟೋ ದಿನ ಮುಂಜಾನೆ ರೂಢಿಯಂತೆ ಎದ್ದು ಕಾರು ಚಾಲೂ ಮಾಡಿ, ಎಲ್ಲಿಗೂ ಹೋಗದೆ ಇಂಜಿನ್ ಬಂದ್ ಮಾಡಿ ಒಳಗೇ ಕೂತಿರುತ್ತಿದ್ದೆ. ಮನೆಯವಳು ಬಂದು ಕರೆದರೂ ಏಳಲು ಮನಸ್ಸಾಗುತ್ತಿರಲಿಲ್ಲ. ಒಂದು ಸಲ ಬಸ್ ನಿಲ್ದಾಣದ ಹತ್ತಿರ ಅವರ ಮುಂದೆಯೇ ನಿಲ್ಲಿಸಿ ಬಾಗಿಲು ತೆರೆದೆ. "ಬಸ್ ಬರ್ತೈತಿ, ನೀ ನಡಿ" ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟಿನಿಂದ ಹೇಳಿದ್ದರೆ ನನಗೆ ಹಗುರವಾಗುತ್ತಿತ್ತು.

ಈಗಲೂ ಗಾಡಿ ಓಡಿಸುತ್ತೇನೆ. ಸವುಳು ನೀರು ಗಾಲಿಗೆ ತಾಗಿಸುವುದಿಲ್ಲ. ಒಣ ಅರಿವೆಯಿಂದ ಒರೆಸುತ್ತೇನೆ, ಸೀ ನೀರು ಬಂದ ದಿನ ಒಂದು ಕೊಡ ಗಾಡಿಗೆ ಎತ್ತಿಡುತ್ತೇನೆ. ಮನೆಯಲ್ಲಿ ಅದಕ್ಕೆ ಜಗಳವೂ ಆಗುತ್ತದೆ. ತೊಳೆದ ಮೇಲೆ ಸ್ವಲ್ಪ ದೂರ ಓಡಿಸಿ, ಬ್ರೇಕ್ ಹಗುರ ಹಗುರ ಒತ್ತಿ ಒಣಗಿಸಿಯೇ ನಿಲ್ಲಿಸುತ್ತೇನೆ. ಗಾಲಿ ಒದ್ದೆ ಇದ್ದಾಗ ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ, ಆದರೆ ಹಗಲಿನಲ್ಲಿ ಎರಡು ಸಲವಾದರೂ ಎಳೆದು ಬಿಡುತ್ತೇನೆ, ಕೇಬಲ್ ಕೂರಬಾರದೆಂದು. ಮಾಗಿ ಬರುವ ಮೊದಲು ಡ್ರಮ್ ಬಿಚ್ಚಿಸುತ್ತೇನೆ. ಆಯಿಲ್ ಕಡಿಮೆಯಾದರೆ ತುಂಬಿಸಿ ಸುಮ್ಮನಾಗದೆ ಎಲ್ಲಿ ಹೋಯಿತೆಂದು ಹುಡುಕುತ್ತೇನೆ. ಪೆಡಲು ಸ್ವಲ್ಪ ಮೆತ್ತಗೆ ಎನಿಸಿದರೂ ಗಾಡಿ ಹತ್ತುವವರಿಗೆ ಹೇಳಿಬಿಡುತ್ತೇನೆ. ಅರ್ಧ ಜನ ಇಳಿದು ಹೋಗುತ್ತಾರೆ. ಹೋಗಲಿ.

ಇಷ್ಟನ್ನು ಬರೆಯಲು ನನಗೆ ಎಂಟು ದಿನ ಹಿಡಿಯಿತು. ನಿಮ್ಮ ಊರಲ್ಲೂ ಸವುಳು ನೀರು ಇದ್ದರೆ, ಸಮುದ್ರದ ದಂಡೆಯಲ್ಲಿ ಗಾಡಿ ಇಟ್ಟುಕೊಂಡಿದ್ದರೆ, ಚಳಿಗಾಲದಲ್ಲಿ ಬ್ರೇಕ್ ಹೇಗೆ ಕಾಯುತ್ತೀರಿ ಎಂದು ದಯವಿಟ್ಟು ಬರೆಯಿರಿ. ಗೊತ್ತಿದ್ದೂ ಹೇಳದೆ ಗಾಡಿ ಓಡಿಸಿದವರು ಯಾರಾದರೂ ಇದ್ದರೆ ಅವರೂ ಬರೆಯಲಿ. ಹೆಸರು ಹಾಕಬೇಕಾಗಿಲ್ಲ, ನಾನೂ ಹಾಕಿಲ್ಲ.