ಹೊಸದುರ್ಗದಲ್ಲಿ ಬಡಿಯದ ಗಂಟೆ

1976ರಲ್ಲಿ ನಾನು ಚಿತ್ರದುರ್ಗದಲ್ಲಿ ದೂರವಾಣಿ ಇಲಾಖೆಯ ಕಿರಿಯ ಎಂಜಿನಿಯರ್. ಊರಿಂದೂರಿಗೆ ಕರೆ ಸಾಗಿಸುವ ಹಿರಿಯೂರು, ಹೊಳಲ್ಕೆರೆ, ಹೊಸದುರ್ಗದ ಟ್ರಂಕ್ ಲೈನುಗಳು ನನ್ನ ಪಾಲಿಗಿದ್ದವು. ಒಂದೇ ಜೋಡಿ ತಂತಿಯಲ್ಲಿ ಹಲವರ ಮಾತು ಸಾಗಿಸುವ ಉಪಕರಣವನ್ನು ಕ್ಯಾರಿಯರ್ ಎನ್ನುತ್ತಿದ್ದೆವು. ಅದರೊಳಗೆ ಎಳೆದು ತೆಗೆದು ಹಾಕುವ ಕಾರ್ಡುಗಳು. ಒಂದು ಕೆಟ್ಟರೆ ಬೇರೆ ಕಂಪನಿಯದನ್ನು ಹಾಕಬಹುದು, ಎಲ್ಲಕ್ಕೂ ಒಂದೇ ಮಾನದಂಡ ಎಂದು ಮೇಲಿನವರು ಭರವಸೆ ಕೊಟ್ಟಿದ್ದರು.

ಒಂದು ಶನಿವಾರ ಹೊಸದುರ್ಗದ ಲೈನಿಗೆ ನಮ್ಮ ಕಡೆಯಿದ್ದ ರಿಂಗಿಂಗ್ ಕಾರ್ಡು ಸುಟ್ಟುಹೋಯಿತು. ಸ್ವರ ಕಳಿಸಿ ಅತ್ತಲಿನ ಗಂಟೆ ಬಡಿಸುವುದು, ಅತ್ತಲಿಂದ ಬಂದ ಸ್ವರಕ್ಕೆ ಇತ್ತಲಿನ ಗಂಟೆ ಬಡಿಸುವುದು ಅದರ ಕೆಲಸ. ಬೇರೆ ಕಂಪನಿಯ ಹೊಸ ಕಾರ್ಡು ಹಾಕಿದೆವು, ಸಲೀಸಾಗಿ ಕೂತಿತು. ಭಾನುವಾರ ಬೆಳಿಗ್ಗೆ ಹೊಸದುರ್ಗದ ಆಪರೇಟರ್ ಸಾವಿತ್ರಮ್ಮ ಎಂದಿನಂತೆ ಕರೆದು ಲೈನು ಸರಿ ಇದೆ ಎಂದರು. ದಿನದ ಪರೀಕ್ಷೆಗೆ ಸಣ್ಣ ಆಫೀಸೇ ದೊಡ್ಡ ಆಫೀಸನ್ನು ಕರೆಯುವುದು ನಮ್ಮಲ್ಲಿ ಪದ್ಧತಿ. ಸಾಹೇಬರು ಜವಾನನ ಮನೆಗೆ ಹೋಗಿ ನಮಸ್ಕಾರ ಹೇಳುವುದುಂಟೇ!

ಅದೇ ದಿನ ಚಿತ್ರದುರ್ಗದ ಆಸ್ಪತ್ರೆಯಲ್ಲಿ ಬಾಣಂತಿಯೊಬ್ಬಳಿಗೆ ರಕ್ತ ಬೇಕಾಯಿತು. ಹೊಸದುರ್ಗದಲ್ಲಿದ್ದ ಅವಳ ಅಣ್ಣ ಸಿದ್ದಪ್ಪನನ್ನು ಕರೆಸಲು ಗಂಡ ಟ್ರಂಕ್ ಕಾಲ್ ಹಾಕಿಸಿದ. ನಮ್ಮ ಆಪರೇಟರ್ ಮಧ್ಯಾಹ್ನದವರೆಗೂ ಪ್ರಯತ್ನಿಸಿದರು. ಅತ್ತ ಯಾರೂ ಎತ್ತಲಿಲ್ಲ. ರಜೆಯ ದಿನವಾದ್ದರಿಂದ ಬೆಳಗಿನ ಪರೀಕ್ಷೆಯ ನಂತರ ಅತ್ತಲಿಂದಲೂ ಕರೆ ಬರಲಿಲ್ಲ. ಸಂಜೆ ಅವಳು ತೀರಿಕೊಂಡಳು.

ಸಾವಿತ್ರಮ್ಮ ಕೆಲಸಬಿಟ್ಟು ಎದ್ದುಹೋಗಿದ್ದರೆಂದು ಸೋಮವಾರವೇ ನೋಟಿಸ್ ಹೋಯಿತು. ತಂಗಿಯನ್ನು ಕೊಂದವಳು ಇವಳೇ ಎಂದು ಸಿದ್ದಪ್ಪ ಬಜಾರಿನಲ್ಲೆಲ್ಲ ಹೇಳಿದ. ವಿಚಾರಣೆಗೆ ಹೋದ ನನಗೆ ಆಕೆ ಹೇಳಿದ್ದು ಇಷ್ಟೇ: "ಊಟಕ್ಕೂ ಎದ್ದಿಲ್ಲ ಸಾರ್. ಗಂಟೆ ಬಡಿದಿದ್ರೆ ಎತ್ತದೇ ಇರ್ತಿದ್ನಾ?"

ಆಕೆಯ ಪಕ್ಕದಲ್ಲೇ ಕುಳಿತು, ನಮ್ಮವರಿಗೆ ಅಲ್ಲಿಂದ ಗಂಟೆ ಬಡಿಸಲು ಹೇಳಿ ಫೋನಿಟ್ಟೆ. ಕಾದೆ. ಸದ್ದಿಲ್ಲ. ಎರಡೂ ಕಡೆಯ ಕಾರ್ಡುಗಳನ್ನು ಪರೀಕ್ಷಿಸಿದಾಗ ಕಾರಣ ಸಿಕ್ಕಿತು. ಹೊಸ ಕಾರ್ಡು ಸ್ವರವನ್ನು ಒಂದೇ ಸಮನೆ ಕಳಿಸುತ್ತಿತ್ತು. ಹೊಸದುರ್ಗದ ಹಳೆಯ ಕಾರ್ಡಿಗೆ ಅದು ತುಂಡುತುಂಡಾಗಿ ಬಂದರಷ್ಟೇ ತಿಳಿಯುತ್ತಿತ್ತು. ಹೊಸದಕ್ಕೆ ಎರಡೂ ತಿಳಿಯುತ್ತಿದ್ದುದರಿಂದ ಹೊಸದುರ್ಗದಿಂದ ಕರೆದ ಬೆಳಗಿನ ಪರೀಕ್ಷೆಯಲ್ಲಿ ದೋಷ ಕಾಣಲಿಲ್ಲ. ಕೇಳಿದರೆ ಎರಡೂ ಕಂಪನಿಯವರು ನಮ್ಮದು ಸರಿ ಇದೆ ಎಂದರು. ಸರಿಯೇ ಇತ್ತು, ಹಾಳಾದ್ದು! ಮಾನದಂಡದಲ್ಲಿ ಕಾರ್ಡಿನ ಅಳತೆಯಿತ್ತು, ಪಿನ್ನುಗಳ ಜಾಗವಿತ್ತು, ಸ್ವರದ ಆವರ್ತನವಿತ್ತು. ಸ್ವರ ಒಂದೇ ಸಮನಿರಬೇಕೋ ತುಂಡಾಗಿರಬೇಕೋ ಎಂಬ ಈ ಒಂದು ಮಾತನ್ನು ಯಾರೂ ಬರೆದಿರಲಿಲ್ಲ.

ಹಿರಿಯೂರಿನಲ್ಲಿದ್ದ ಹಳೆಯ ಮಾದರಿಯ ಕಾರ್ಡನ್ನು ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ತರಿಸಿದೆ. ಅದು ತಲುಪುವ ಹೊತ್ತಿಗೆ ಸಿದ್ದಪ್ಪನನ್ನು ಹೊಸದುರ್ಗದ ಆಫೀಸಿಗೆ ಕರೆಸಿದೆ. ಮೊದಲು ಚಿತ್ರದುರ್ಗದವರಿಗೆ ಹೊಸ ಕಾರ್ಡಿನಿಂದಲೇ ಗಂಟೆ ಬಡಿಸಲು ಹೇಳಿದೆ. ಆತ ಬಡಿಯದ ಗಂಟೆಯನ್ನು ನೋಡುತ್ತ ನಿಂತಿದ್ದ.

"ಅವತ್ತು ಹಿಂಗೇ ಕುಂತಿದ್ಯೇನವ್ವ?" ಎಂದು ಕೇಳಿದ. ಸಾವಿತ್ರಮ್ಮ ತಲೆಯಾಡಿಸಿದರು.

ಚಿತ್ರದುರ್ಗದಲ್ಲಿ ಹಳೆಯ ಮಾದರಿಯ ಕಾರ್ಡು ಹಾಕಿದರು. ಗಂಟೆ ಬಡಿಯಿತು. ಸಿದ್ದಪ್ಪ ಬಿಕ್ಕಿಬಿಕ್ಕಿ ಅತ್ತ. ಅವನೆದುರು ಫೋನೆತ್ತಲು ಸಾವಿತ್ರಮ್ಮನಿಗೆ ಕೈ ಬರಲಿಲ್ಲ. ಗಂಟೆ ಬಡಿಯುತ್ತಲೇ ಇತ್ತು. ಕಣ್ಣೊರೆಸಿಕೊಂಡು ಆತನೇ ಹೇಳಿದ: "ಎತ್ತವ್ವ. ಅಲ್ಲಿ ಯಾರೋ ಕಾಯ್ತಾ ಇರ್ತಾರೆ."

ನೋಟಿಸ್ ರದ್ದಾಯಿತು. ಮಾನದಂಡಕ್ಕೆ ಆ ಒಂದು ಸಾಲು ಸೇರಿತು, ತಡವಾಗಿ. ನಿವೃತ್ತಿಯಾಗುವವರೆಗೂ ನನ್ನ ಲೈನುಗಳಲ್ಲಿ ಬೆಳಗಿನ ಪರೀಕ್ಷೆಗೆ ದೊಡ್ಡ ಆಫೀಸೇ ಮೊದಲು ಕರೆಯಬೇಕಿತ್ತು. ಸಣ್ಣ ಊರಿನ ಗಂಟೆ ಬಡಿಯಿತೆಂದು ಅಲ್ಲಿನವರು ಹೇಳುವ ತನಕ ಲೈನು ಸರಿ ಇದೆ ಎಂದು ನಾನು ಸಹಿ ಹಾಕಲಿಲ್ಲ.