ಹೊಲಿಗೆ ಮೆಷಿನ್ ಕೆಳಗಿನ ಕಾಲು

ಟೇಲರಣ್ಣನಿಗೆ ಸಕ್ಕರೆ ಕಾಯಿಲೆ ಅಂಟಿಕೊಂಡು ಹದಿನೆಂಟು ವರ್ಷ. ಪಾದಗಳು ಮರಗಟ್ಟಿದ್ದವು. ಎಡಗಾಲಿನ ಎರಡು ಬೆರಳು ಆಗಲೇ ಹೋಗಿದ್ದವು. ಬಲಗಾಲಿನಲ್ಲೇ ಮೆಷಿನ್ ತುಳಿಯುತ್ತಿದ್ದರು. ಆ ಕಾಲೂ ಕೈಕೊಟ್ಟರೆ ಅಂಗಡಿಗೆ ಬೀಗವೇ ಗತಿ.

ಮೆಡಿಕಲ್ ಕಾಲೇಜಿನವರು ಒಬ್ಬೊಬ್ಬ ವಿದ್ಯಾರ್ಥಿಗೂ ಒಬ್ಬೊಬ್ಬ ರೋಗಿಯನ್ನು ಗಂಟುಹಾಕಿದ್ದರು. ಓದು ಮುಗಿಯುವ ತನಕ ತಿಂಗಳಿಗೊಮ್ಮೆ ಆ ರೋಗಿಯ ಮನೆಗೆ ಹೋಗಬೇಕು. ಟೇಲರಣ್ಣನ ಪಾಲಿಗೆ ಬಂದವಳು ತಲೆ ಎತ್ತಿ ಮಾತಾಡಲೂ ಹೆದರುವ ಹುಡುಗಿ. ಮೊದಲ ದಿನ ಬಿಪಿ ನೋಡುವ ಪಟ್ಟಿಯನ್ನೇ ತಿರುವುಮುರುವು ಸುತ್ತಿದಳು.

"ಒಳಮೈ ಹೊರಗೆ ಬಂದಿದೆ, ಡಾಕ್ಟ್ರಮ್ಮ. ಬಿಚ್ಚಿ ಸುತ್ತು," ಎಂದರು ಟೇಲರಣ್ಣ. "ನಾನೂ ಮೊದಲನೇ ಅಂಗಿಗೆ ತೋಳು ಹೀಗೇ ಕೂರಿಸಿದ್ದೆ."

ಅವಳು ಬರುವ ಭಾನುವಾರ ಅವರು ಕಾಲು ಉಜ್ಜಿ ತೊಳೆದು, ಒಗೆದ ಟವೆಲ್ ಮೇಲೆ ಇಟ್ಟುಕೊಂಡು ಕೂತಿರುತ್ತಿದ್ದರು. ಅವಳು ನೋಡಿ 'ಗಾಯವಿಲ್ಲ' ಎಂದು ಬರೆದುಕೊಳ್ಳುತ್ತಿದ್ದಳು. ಎರಡು ವರ್ಷ ಹೀಗೇ ಕಳೆಯಿತು.

ಮೂರನೇ ವರ್ಷ, ಭಾನುವಾರ ಪರೀಕ್ಷೆಯಿದ್ದದ್ದರಿಂದ, ಅವಳು ಬುಧವಾರವೇ ಹೇಳದೆ ಕೇಳದೆ ಅಂಗಡಿಗೆ ಬಂದಳು.

"ಅಯ್ಯೋ, ಇವತ್ತು ಕಾಲು ತೊಳೆದಿಲ್ವಲ್ಲಮ್ಮ!"

"ಪರವಾಗಿಲ್ಲ ಅಂಕಲ್," ಎಂದು ಬಟ್ಟೆಯ ಚೂರುಗಳ ನಡುವೆ ಮಂಡಿಯೂರಿ ಮೆಷಿನ್ ಕೆಳಗೆ ಬಗ್ಗಿದಳು. ಬರಿಗಾಲು ಪೆಡಲ್ ತುಳಿಯುತ್ತಲೇ ಇತ್ತು. ಅಂಗಾಲಿನಲ್ಲಿ ಗುಂಡುಸೂಜಿಯೊಂದು ತಲೆಯವರೆಗೂ ಚುಚ್ಚಿಕೊಂಡಿತ್ತು. ಸುತ್ತ ಕೀವು.

"ನಿಲ್ಲಿಸಿ ಅಂಕಲ್! ಯಾವಾಗಲೂ ಬರಿಗಾಲಲ್ಲೇ ತುಳೀತೀರಾ?"

"ಮೂವತ್ತು ವರ್ಷದಿಂದ. ಚಪ್ಪಲಿ ಹಾಕಿದ್ರೆ ಹಿಡಿತ ಸಿಗಲ್ಲ."

"ನನಗೆ ಹೇಳಲೇ ಇಲ್ಲ..."

"ನೀನೂ ಕೇಳಲಿಲ್ಲ."

ಮೂಲೆಯಲ್ಲಿ ಕೂತು ಅಂಗಿಯ ಗುಂಡಿಗೆ ಕಾಜ ಹೊಲಿಯುತ್ತಿದ್ದ ಟೇಲರಣ್ಣನ ಹೆಂಡತಿ ತಡೆಯಲಾರದೆ ಅಂದರು: "ಚೆನ್ನಾಗಿದೆ ಇಬ್ಬರ ಮರ್ಯಾದೆ! ಇವರು ತೊಳೆದು ತೋರಿಸೋದು, ನೀನು ತೊಳೆದದ್ದನ್ನ ಬರ್ಕೊಳ್ಳೋದು."

ಹುಡುಗಿಯ ಕಣ್ಣು ತುಂಬಿತು. ಆಗಲೇ ಆಟೋ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಆರು ವಾರ ಮೆಷಿನ್ ಮುಟ್ಟುವಂತಿರಲಿಲ್ಲ. ದಿನ ಬಿಟ್ಟು ದಿನ ಬಂದು ಅವಳೇ ಪಟ್ಟಿ ಕಟ್ಟಿದಳು. ಕಾಲು ಉಳಿಯಿತು. ಟೇಲರಣ್ಣ ಹಳೇ ಕ್ಯಾನ್ವಾಸಿನಲ್ಲಿ ದಪ್ಪ ತಳದ ಬೂಟು ಹೊಲಿದುಕೊಂಡರು. ಪೆಡಲ್ ಹಿಡಿತ ಸಿಗಲೆಂದು ತಳಕ್ಕೆ ಸೈಕಲ್ ಟ್ಯೂಬು ಅಂಟಿಸಿದರು.

ಅವಳ ಓದು ಮುಗಿದ ಮೇಲೆ ಇನ್ನೊಬ್ಬಳು ವಿದ್ಯಾರ್ಥಿನಿ ಬಂದಳು. ಅಂಗಡಿಯ ಬಾಗಿಲಲ್ಲೇ ನಿಂತು ಫೈಲು ತೆರೆದಳು.

"ಅದು ಆಮೇಲೆ. ನೀನು ಬರ್ತೀಯ ಅಂತ ಕಾಲು ತೊಳೆದಿಲ್ಲ, ತೊಳೆಯೋದೂ ಇಲ್ಲ," ಎಂದು ಟೇಲರಣ್ಣ ಎದೆಯುಬ್ಬಿಸಿ ಕುರ್ಚಿ ಹಿಂದಕ್ಕೆ ಸರಿಸಿದರು. "ಮೊದಲು ಈ ಮೆಷಿನ್ ಕೆಳಗೆ ಬಗ್ಗಿ ನೋಡಮ್ಮ. ನಮ್ಮ ಡಾಕ್ಟ್ರಮ್ಮ ಹಾಗೇ ನೋಡೋದು."