ಬೇಲಿ ಎದ್ದು ಸರ್ವರ್ ಮೇಯ್ದದ್ದು

ಬಸ್ ಪಾಸ್ ಕಚೇರಿಯಲ್ಲಿ ಅವಳ ಅಸಲಿ ಹೆಸರು ಸಂಬಳದ ಚೀಟಿಗೆ ಮಾತ್ರ ಬೇಕಾಗುತ್ತಿತ್ತು. ಉಳಿದಂತೆ ಎಲ್ಲರಿಗೂ ಅವಳು ರೀಸ್ಟಾರ್ಟ್ ಅಕ್ಕ. ಪಾಸ್ ಕೊಡುವ ಜಾವಾ ಪ್ರೋಗ್ರಾಂ ಓಡುವ ಸರ್ವರ್ ವಾರಕ್ಕೆರಡು ಸಲವಾದರೂ ಮೂರ್ಛೆ ಹೋಗುತ್ತಿತ್ತು. ಸಾಲಿನಲ್ಲಿ ನಿಂತವರು ಬಾಯಿಗೆ ಬಂದದ್ದು ಬೈಯತೊಡಗಿದಾಗ ಅಕ್ಕ ಕನ್ನಡಕ ಏರಿಸಿ, ಸರ್ವರನ್ನು ನಿಲ್ಲಿಸಿ ಮತ್ತೆ ಶುರು ಮಾಡುತ್ತಿದ್ದಳು. ಸತ್ತವರನ್ನು ಬದುಕಿಸಿದವಳನ್ನು ನೋಡುವ ಹಾಗೆ ಎಲ್ಲರೂ ಅವಳನ್ನು ನೋಡುತ್ತಿದ್ದರು. ಅದು ಯಾಕೆ ಬೀಳುತ್ತದೆ ಎಂದು ಯಾರೂ ಕೇಳಿರಲಿಲ್ಲ, ಅವಳೂ ತಲೆ ಕೆಡಿಸಿಕೊಂಡಿರಲಿಲ್ಲ.

ಹೊಸದಾಗಿ ಬಂದ ಮ್ಯಾನೇಜರ್ ಕೇಳಿಯೇಬಿಟ್ಟ. ಲೋಡ್ ಜಾಸ್ತಿ ಸರ್ ಎಂದು ಅಕ್ಕ ಅಡ್ಡಗೋಡೆ ಮೇಲೆ ದೀಪ ಇಟ್ಟಳು. ಎಷ್ಟು ಜಾಸ್ತಿ ಎಂದ. ಅಳೆದು ನೋಡಿಲ್ಲ ಎಂದಳು. ಹಾಗಾದರೆ ಮೆಮೊರಿ, ಸಿಪಿಯು ಎಲ್ಲದರ ಮೇಲೂ ಕಣ್ಣಿಡುವ ಮಾನಿಟರಿಂಗ್ ಹಾಕಿ ಎಂದು ಹೇಳಿ ಅವನು ಚಹಾಕ್ಕೆ ಹೋದ.

ಅಕ್ಕನಿಗೆ ಮೈ ಉರಿಯಿತು. ನೋಡಬೇಕಂತಾ? ಕಣ್ಣು ತುಂಬ ನೋಡಲಿ ಎಂದು ಮಾನಿಟರಿಂಗ್ ತೆರೆಯ ಮೇಲಿದ್ದ ಅಳತೆಗಳನ್ನೆಲ್ಲ ಒಂದೂ ಬಿಡದೆ ಆಯ್ದುಕೊಂಡಳು. ಒಳಗೆ ಯಾವ ಕೆಲಸ ಎಲ್ಲಿ ನಿಂತಿದೆ ಎಂಬ ಪೂರ್ತಿ ವರದಿಯನ್ನು ಸರ್ವರ್ ಸೆಕೆಂಡಿಗೊಮ್ಮೆ ಒಪ್ಪಿಸುವಂತೆ ಮಾಡಿದಳು. ಚೂರು ಏರುಪೇರಾದರೂ ಮ್ಯಾನೇಜರ್ ಫೋನಿಗೆ ಎಚ್ಚರಿಕೆ ಹೋಗುವಂತೆಯೂ ಇಟ್ಟಳು.

ಮರುದಿನ ಬಾಗಿಲು ತೆರೆದ ಸ್ವಲ್ಪ ಹೊತ್ತಿಗೇ ಮ್ಯಾನೇಜರ್ ಜೇಬು ಜೀರುಂಡೆಯಂತೆ ಗುಂಯ್‌ಗುಡತೊಡಗಿತು. ವಾರಕ್ಕೆರಡು ಸಲ ಬೀಳುತ್ತಿದ್ದ ಸರ್ವರ್ ಊಟದ ಹೊತ್ತಿಗೇ ಎರಡು ಸಲ ಮಲಗಿತ್ತು.

"ಬೇಲಿಯೇ ಎದ್ದು ಹೊಲ ಮೇಯ್ತಾ ಇದೆಯಲ್ಲ ಮೇಡಂ," ಎಂದ ಮ್ಯಾನೇಜರ್.

ಅಕ್ಕ ಒಪ್ಪಲಿಲ್ಲ. ಸರ್ವರಿಗೆ ವಯಸ್ಸಾಯಿತು ಎಂದಳು.

ಸಂಜೆ ಮನೆಯಲ್ಲಿ ಅತ್ತೆ ಎಂದಿನಂತೆ ಕುರ್ಚಿಯಿಂದ ಏಳದೆಯೇ ಅಡುಗೆಮನೆ ಆಳುತ್ತಿದ್ದರು. ಹಾಲಿಟ್ಟೆಯಾ, ಉರಿ ಸಣ್ಣ ಮಾಡಿದೆಯಾ, ಕಿಟಕಿ ಹಾಕಿದೆಯಾ. ಪ್ರತಿ ಪ್ರಶ್ನೆಗೂ ಅಕ್ಕ ತಿರುಗಿ ತಿರುಗಿ ಉತ್ತರ ಕೊಟ್ಟಳು. ಹಾಗೊಮ್ಮೆ ತಿರುಗಿದಾಗ ಹಾಲು ಉಕ್ಕಿ ಒಲೆ ತುಂಬ ಹರಿಯಿತು.

"ನಿಮಗೆ ಉತ್ತರ ಕೊಡೋದ್ರಲ್ಲೇ ಉಕ್ಕಿಹೋಯ್ತು ಅತ್ತೆ," ಎಂದಳು. ಹೇಳಿದವಳೇ ಒರೆಸುವ ಬಟ್ಟೆ ಹಿಡಿದು ನಿಂತುಬಿಟ್ಟಳು. ಸರ್ವರಿನ ಪಾಡೂ ಇದೇ, ಮತ್ತು ಅದರ ಅತ್ತೆ ತಾನೇ.

"ನಿಂತ್ಕೊಂಡೇನು ನೋಡ್ತೀಯಾ, ಒರೆಸು," ಎಂದರು ಅತ್ತೆ.

ಬೆಳಿಗ್ಗೆ ಹೋದವಳೇ ಬೇಡದ ಅಳತೆಗಳನ್ನೆಲ್ಲ ಕಿತ್ತೆಸೆದಳು. ಅರ್ಧ ನಿಮಿಷಕ್ಕೊಂದು ಪ್ರಶ್ನೆ ಸಾಕು. ಮೆಮೊರಿ ತುಂಬಿ, ಹಾಗೇ ಸ್ವಲ್ಪ ಹೊತ್ತು ಇದ್ದರೆ ಮಾತ್ರ ಎಚ್ಚರಿಕೆ. ಗದ್ದಲ ಅಡಗಿದ ಮೇಲೆ ತೆರೆಯ ಮೇಲೆ ಮೆಮೊರಿ ತೋರಿಸುವ ಗೆರೆ ನಿಜ ಹೇಳತೊಡಗಿತು. ಯಾರಾದರೂ ಪಾಸಿಗೆ ಫೋಟೋ ಕೊಟ್ಟಾಗಲೆಲ್ಲ ಮೆಮೊರಿ ಒಂದು ಮೆಟ್ಟಿಲು ಏರುತ್ತಿತ್ತು, ಮತ್ತೆ ಇಳಿಯುತ್ತಲೇ ಇರಲಿಲ್ಲ. ಪಾಸ್ ಮುದ್ರಿಸಿದ ಮೇಲೂ ಪ್ರೋಗ್ರಾಂ ಊರವರ ಮುಖಗಳನ್ನೆಲ್ಲ ಸ್ವಂತ ನೆಂಟರ ಆಲ್ಬಂ ಎಂಬಂತೆ ಮಡಿಲಲ್ಲಿ ಇಟ್ಟುಕೊಂಡಿತ್ತು. ಅದನ್ನು ಬರೆದ ಪ್ರೋಗ್ರಾಮರ್ ಸಾಧ್ಯವೇ ಇಲ್ಲ ಎಂದ, ಗೆರೆ ನೋಡಿ ತಲೆ ಕೆರೆದುಕೊಂಡ, ಎರಡು ದಿನದಲ್ಲಿ ಸರಿ ಮಾಡಿಕೊಟ್ಟ.

ಸರ್ವರ್ ಬೀಳುವುದು ನಿಂತಿತು. ಅಕ್ಕನ ಬೆಲೆ ಬಿತ್ತು. ಈಗ ಯಾರೂ ಅವಳ ಮೇಜಿಗೆ ಓಡಿ ಬರುತ್ತಿರಲಿಲ್ಲ. ನಿಮಗೇನು, ಆರಾಮದ ಕೆಲಸ ಎಂದು ಕೌಂಟರಿನವಳು ಒಂದು ದಿನ ಅಂದೇಬಿಟ್ಟಳು.

"ಬಿದ್ದ ಮೇಲೆ ಎತ್ತಿದ್ರೆ ಕೈ ಮುಗೀತೀರಿ, ಬೀಳದ ಹಾಗೆ ಹಿಡ್ಕೊಂಡ್ರೆ ಆರಾಮ್ ಅಂತೀರಿ," ಎಂದಳು ಅಕ್ಕ.

ಕೌಂಟರಿನವಳಿಗೆ ಅದು ಕೇಳಿಸಲಿಲ್ಲ. ಬೈಯಲು ಸರ್ವರ್ ಇಲ್ಲದಂತಾದ ಸಾಲಿನ ಜನ ಈಗ ಕೌಂಟರಿನಲ್ಲಿ ಅವಳ ನಿಧಾನವನ್ನೇ ಬೈಯುತ್ತಿದ್ದರು.